ನೈಫ್ ಕಮಾಂಡ್ ಕೈಕೊಟ್ಟಾಗ: ಶೆಫ್ ಪ್ಲಗಿನ್‌ಗಳ ಜಗಳ ಬಿಡಿಸುವ ದಾರಿ

ಶೆಫ್ ಅಂದರೆ ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಸಿದ್ಧಪಡಿಸಿ ನೋಡಿಕೊಳ್ಳುವ ಉಪಕರಣ, ನೈಫ್ ಅದರ ಜೊತೆ ಮಾತಾಡುವ ಕಮಾಂಡ್, ನೋಡ್ ಅಂದರೆ ಅದು ನೋಡಿಕೊಳ್ಳುವ ಒಂದು ಮೆಷಿನ್. ನಿನ್ನೆವರೆಗೂ ಸರಿಯಾಗಿದ್ದ 'ನೈಫ್ ನೋಡ್ ಲಿಸ್ಟ್' ಇವತ್ತು ಪರದೆ ತುಂಬಾ ಎರರ್ ಕಾರುತ್ತದೆ. ಸರ್ವರ್ ಯಾರೂ ಮುಟ್ಟಿಲ್ಲ, ಕೀ ಫೈಲ್ ಬದಲಾಗಿಲ್ಲ, ನೆಟ್‌ವರ್ಕೂ ಚೆನ್ನಾಗಿದೆ. ಆಗಿದ್ದು ಒಂದೇ: ಯಾವುದೋ ಕ್ಲೌಡ್‌ನಲ್ಲಿ ಮೆಷಿನ್ ಎಬ್ಬಿಸಬೇಕು ಅಂತ ಒಂದು ಹೊಸ ಪ್ಲಗಿನ್ ಹಾಕಿದ್ದು. ಅದಕ್ಕೂ ನೋಡ್ ಪಟ್ಟಿಗೂ ಏನು ಸಂಬಂಧ ಅಂತ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಜನ ಕ್ಲೈಂಟ್ ಕೀ ಬದಲಿಸುತ್ತಾರೆ, ಸರ್ಟಿಫಿಕೇಟ್ ಮತ್ತೆ ತರಿಸುತ್ತಾರೆ, ಕೊನೆಗೆ ಶೆಫ್ ಅನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕೆಟ್ಟಿರುವುದು ನೀವು ಹೊಡೆದ ಕಮಾಂಡ್ ಆಗಿರಬೇಕಿಲ್ಲ. ನೈಫ್ ವಿಷಯದಲ್ಲಿ ಬಹಳ ಸಲ ಅದು ಆಗಿರುವುದೂ ಇಲ್ಲ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಕೆಲಸ ಸಲೀಸು.

ಶುರು ಮಾಡುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನೂ ಎರರ್ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಫೋಲ್ಡರ್‌ಗಳ ಹೆಸರು ಲಿನಕ್ಸ್ ಮತ್ತು ಮ್ಯಾಕ್‌ಗೆ ಹೊಂದುವಂಥವು.

ನೈಫ್ ಶುರುವಾದಾಗ ಏನು ನಡೆಯುತ್ತದೆ

ನೈಫ್ ಅನ್ನುವುದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕಮಾಂಡ್. ಅದರ ಒಂದೊಂದು ಉಪಕಮಾಂಡ್ ಕೂಡ ಒಂದೊಂದು ರೂಬಿ ಕ್ಲಾಸ್. ಕ್ಲಾಸಿನ ಹೆಸರೇ ಕಮಾಂಡಿನ ಹೆಸರಾಗುತ್ತದೆ: 'ನೋಡ್‌ಲಿಸ್ಟ್' ಅನ್ನುವ ಕ್ಲಾಸ್ ಇದ್ದರೆ 'ನೈಫ್ ನೋಡ್ ಲಿಸ್ಟ್' ಸಿಗುತ್ತದೆ. ಪ್ಲಗಿನ್ ಅಂದರೂ ಇಷ್ಟೇ, ಇಂಥ ಕ್ಲಾಸ್‌ಗಳಿರುವ ಕೆಲವು ಫೈಲ್‌ಗಳು.

ಈ ಫೈಲ್‌ಗಳನ್ನು ನೈಫ್ ಕೆಲವೇ ಜಾಗಗಳಲ್ಲಿ ಹುಡುಕುತ್ತದೆ. ಮೊದಲು ತನ್ನ ಜೊತೆ ಬಂದಿರುವ ಫೈಲ್‌ಗಳು ಮತ್ತು ಇನ್‌ಸ್ಟಾಲ್ ಆಗಿರುವ ಜೆಮ್‌ಗಳ (ರೂಬಿ ಪ್ಯಾಕೇಜ್‌ಗಳ) ಒಳಗಿನ 'ಶೆಫ್' ಫೋಲ್ಡರ್, ಅದರೊಳಗಿನ 'ನೈಫ್' ಫೋಲ್ಡರ್. ಆಮೇಲೆ ನಿಮ್ಮ ಶೆಫ್ ರೆಪೊದಲ್ಲಿರುವ (ಶೆಫ್ ಕೋಡ್ ಇಟ್ಟಿರುವ ಫೋಲ್ಡರಿನಲ್ಲಿರುವ) 'ಡಾಟ್ ಶೆಫ್', ಅದರೊಳಗೆ 'ಪ್ಲಗಿನ್ಸ್', ಅದರೊಳಗೆ 'ನೈಫ್'. ಕೊನೆಗೆ ಹೋಮ್ ಫೋಲ್ಡರಿನಲ್ಲೂ ಅದೇ ಹೆಸರಿನ ಜಾಗ. ಒಂದು ಜೆಮ್‌ನ ಹಲವು ಆವೃತ್ತಿ ಇದ್ದರೆ ಅತಿ ಹೊಸದನ್ನೇ ತೆಗೆದುಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಇಲ್ಲಿಂದ ಮುಂದೆ. ಕಮಾಂಡ್‌ಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟ ಫೈಲ್ ಇಲ್ಲದಿದ್ದರೆ, ನೈಫ್ ಸಿಕ್ಕ ಅಷ್ಟೂ ಪ್ಲಗಿನ್ ಫೈಲ್‌ಗಳನ್ನು ಒಂದರ ಹಿಂದೆ ಒಂದು ಲೋಡ್ ಮಾಡುತ್ತದೆ. ನಿಮಗೆ ಬೇಕಿರುವುದು ನೋಡ್ ಪಟ್ಟಿ ಮಾತ್ರ ಆಗಿರಬಹುದು. ಆದರೂ ಅಝೂರ್ ಪ್ಲಗಿನ್, ವಿಸ್ಫಿಯರ್ ಪ್ಲಗಿನ್, ಮೂರು ವರ್ಷದ ಹಿಂದೆ ಯಾರೋ ಬರೆದು ಮರೆತ ಸ್ಕ್ರಿಪ್ಟ್, ಎಲ್ಲವೂ ಲೋಡ್ ಆಗಲೇಬೇಕು. ಅವುಗಳಲ್ಲಿ ಒಂದು ಎಡವಿದರೂ ನೈಫ್ ಅಲ್ಲೇ ನಿಲ್ಲುತ್ತದೆ.

ಇದನ್ನು ತಪ್ಪಿಸಲು ಪ್ಲಗಿನ್ ಬರೆಯುವವರಿಗೆ 'ಡೆಪ್ಸ್' ಅನ್ನುವ ಬ್ಲಾಕ್ ಕೊಟ್ಟಿದ್ದಾರೆ. ಬೇರೆ ಜೆಮ್‌ಗಳನ್ನು ಕರೆಯುವ 'ರಿಕ್ವೈರ್' ಸಾಲುಗಳು ಅದರೊಳಗಿದ್ದರೆ ಆ ಕಮಾಂಡ್ ನಿಜವಾಗಿ ಓಡುವಾಗ ಮಾತ್ರ ಲೋಡ್ ಆಗುತ್ತವೆ. ಅದನ್ನು ಬಿಟ್ಟು ಫೈಲಿನ ತಲೆಯಲ್ಲೇ ರಿಕ್ವೈರ್ ಬರೆದರೆ ನೈಫ್‌ನ ಪ್ರತಿಯೊಂದು ಕಮಾಂಡಿಗೂ ಅದರ ಭಾರ ಬೀಳುತ್ತದೆ. ಹೀಗೆ ಬರೆದ ಪ್ಲಗಿನ್‌ಗಳಿಗೆ ಬರವೇನಿಲ್ಲ.

ಮೊದಲು: ಓಡುತ್ತಿರುವುದು ಯಾವ ನೈಫ್?

'ವಿಚ್ ಹೈಫನ್ ಎ ನೈಫ್' ಅಂತ ಹೊಡೆದು ನೋಡಿ. ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕ ಹಾಗೆ. ಶೆಫ್ ವರ್ಕ್‌ಸ್ಟೇಷನ್ ಅಂದರೆ ನೈಫ್ ಸೇರಿದಂತೆ ಶೆಫ್‌ನ ಉಪಕರಣಗಳೆಲ್ಲ ಒಟ್ಟಿಗೆ ಬರುವ ಪ್ಯಾಕೇಜ್. ಅದರ ನೈಫ್ 'ಆಪ್ಟ್' ಫೋಲ್ಡರಿನೊಳಗಿನ 'ಶೆಫ್ ಹೈಫನ್ ವರ್ಕ್‌ಸ್ಟೇಷನ್'ನಿಂದ ಬರುತ್ತದೆ. ಅದರ ಜೊತೆಗೆ ಆರ್‌ಬಿಎನ್ವ್ ಅಥವಾ ಆರ್‌ವಿಎಂ (ಹಲವು ರೂಬಿ ಆವೃತ್ತಿ ಇಟ್ಟುಕೊಳ್ಳಲು ಬಳಸುವ ಉಪಕರಣಗಳು) ಹಾಕಿದ ರೂಬಿಯಲ್ಲೂ ಒಂದು ನೈಫ್ ಇರಬಹುದು. ಹಳೇ ಲ್ಯಾಪ್‌ಟಾಪ್ ಆದರೆ ವರ್ಕ್‌ಸ್ಟೇಷನ್‌ಗಿಂತ ಮೊದಲಿದ್ದ ಪ್ಯಾಕೇಜ್ ಶೆಫ್‌ಡಿಕೆ ಕೂಡ ಕೂತಿರಬಹುದು. ಶೆಫ್‌ಡಿಕೆಗೆ 2020ರ ಕೊನೆಗೇ ಬೆಂಬಲ ನಿಂತಿದೆ. ಅದು ಕಂಡರೆ ಮುಂದೆ ಯೋಚಿಸಬೇಡಿ, ಮೊದಲು ತೆಗೆದುಹಾಕಿ.

ಪ್ಲಗಿನ್ ಒಂದು ರೂಬಿಯಲ್ಲಿ, ನೈಫ್ ಇನ್ನೊಂದು ರೂಬಿಯಲ್ಲಿ. ಅತಿ ಜಾಸ್ತಿ ಕಾಣುವ ಎಡವಟ್ಟು ಇದೇ ಇರಬೇಕು. ಬರೀ 'ಜೆಮ್ ಇನ್‌ಸ್ಟಾಲ್' ಅಂತ ಹೊಡೆದರೆ ಪ್ಲಗಿನ್ ಹೋಗಿ ಕೂರುವುದು ಆ ಹೊತ್ತಿಗೆ ನಿಮ್ಮ ಶೆಲ್‌ಗೆ ಕಾಣುವ ರೂಬಿಯಲ್ಲಿ. ವರ್ಕ್‌ಸ್ಟೇಷನ್‌ಗೆ ತನ್ನದೇ ಬೇರೆ ರೂಬಿ ಇದೆ. ಅದಕ್ಕೆ ಹಾಕಬೇಕಾದರೆ 'ಶೆಫ್ ಜೆಮ್ ಇನ್‌ಸ್ಟಾಲ್' ಅನ್ನಬೇಕು. ಹಳೇ ನೈಫ್ ಆವೃತ್ತಿಗಳು ತಾವೇ 'ಜೆಮ್ ಇನ್‌ಸ್ಟಾಲ್ ಮಾಡಿ' ಅಂತ ಸಲಹೆ ಕೊಡುತ್ತಿದ್ದವು. ಅದನ್ನು ನಂಬಿ ದಾರಿ ತಪ್ಪಿದವರು ಕಡಿಮೆ ಇಲ್ಲ.

ಈಗ 'ಶೆಫ್ ಎನ್ವ್' ಓಡಿಸಿ. ರೂಬಿ ಎಲ್ಲಿದೆ, ಜೆಮ್ ಹೋಮ್ (ನೀವು ಹಾಕಿದ ಜೆಮ್‌ಗಳು ಕೂರುವ ಫೋಲ್ಡರ್) ಯಾವುದು, ಜೆಮ್ ಪಾತ್ (ಜೆಮ್ ಹುಡುಕುವ ಜಾಗಗಳು) ಯಾವುದು ಅನ್ನುವುದೆಲ್ಲ ಬರುತ್ತದೆ. ಜೆಮ್ ಹೋಮ್ ಸಾಲನ್ನು ಗಮನವಿಟ್ಟು ಓದಿ. ಅದು ನಿಮ್ಮ ಹೋಮ್ ಫೋಲ್ಡರಿನ ಒಳಗೆ ಇರುತ್ತದೆ, ಅದರ ತುದಿಯಲ್ಲಿ ರೂಬಿಯ ಆವೃತ್ತಿ ಸಂಖ್ಯೆ ಇರುತ್ತದೆ. ವರ್ಕ್‌ಸ್ಟೇಷನ್ ಅಪ್‌ಗ್ರೇಡ್ ಆದಾಗ ಒಳಗಿನ ರೂಬಿಯೂ 2.7ರಿಂದ 3ರ ಸಾಲಿಗೆ ಹೋಯಿತು ಅಂದುಕೊಳ್ಳಿ. ಆಗ ನೈಫ್ ನೋಡುವ ಫೋಲ್ಡರೇ ಬೇರೆಯಾಗುತ್ತದೆ. ನೀವು ಹಾಕಿದ್ದ ಪ್ಲಗಿನ್‌ಗಳು ಹಳೇ ಫೋಲ್ಡರಿನಲ್ಲಿ ಹಾಗೇ ಇರುತ್ತವೆ, ನೈಫ್‌ಗೆ ಮಾತ್ರ ಕಾಣುವುದಿಲ್ಲ. 'ಅಪ್‌ಗ್ರೇಡ್ ಮಾಡಿದೆ, ಪ್ಲಗಿನ್ ಎಲ್ಲಾ ಮಾಯ' ಅನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಶೆಲ್‌ನಲ್ಲಿ ಇರುವ 'ರೂಬಿಆಪ್ಟ್', 'ಬಂಡಲ್ ಜೆಮ್‌ಫೈಲ್' ಎಂಬ ವೇರಿಯಬಲ್‌ಗಳನ್ನೂ ಒಮ್ಮೆ ನೋಡಿಬಿಡಿ. ಬೇರೆ ಪ್ರಾಜೆಕ್ಟಿನ ಟರ್ಮಿನಲ್‌ನಲ್ಲಿ ಕೆಲಸ ಮಾಡುತ್ತಾ ಅಲ್ಲಿಂದಲೇ ನೈಫ್ ಓಡಿಸಿದರೆ ಅವು ಸುಮ್ನೆ ತಲೆ ಹಾಕುತ್ತವೆ. ಹೊಸ ಟರ್ಮಿನಲ್ ತೆರೆದು ಪ್ರಯತ್ನಿಸುವುದು ಹತ್ತು ಸೆಕೆಂಡಿನ ಕೆಲಸ.

ಎರಡನೆಯದು: ಪಟ್ಟಿಯ ಫೈಲ್

'ನೈಫ್ ರಿಹ್ಯಾಶ್' ಅಂತ ಒಂದು ಕಮಾಂಡ್ ಇದೆ. ಅದು ಎಲ್ಲಾ ಪ್ಲಗಿನ್‌ಗಳನ್ನೂ ಒಮ್ಮೆ ಓದಿ, ಯಾವ ಕಮಾಂಡ್ ಯಾವ ಫೈಲಿನಲ್ಲಿದೆ ಅನ್ನುವ ಪಟ್ಟಿಯನ್ನು ಹೋಮ್ ಫೋಲ್ಡರಿನ ಡಾಟ್ ಶೆಫ್ ಒಳಗೆ 'ಪ್ಲಗಿನ್ ಅಂಡರ್‌ಸ್ಕೋರ್ ಮ್ಯಾನಿಫೆಸ್ಟ್ ಡಾಟ್ ಜೇಸನ್' ಎಂಬ ಫೈಲಿಗೆ ಬರೆಯುತ್ತದೆ. ಆ ಫೈಲ್ ಇದ್ದರೆ ನೈಫ್ ಎಲ್ಲವನ್ನೂ ಲೋಡ್ ಮಾಡಲು ಹೋಗುವುದಿಲ್ಲ. ಬೇಕಾದ ಕಮಾಂಡಿನ ಫೈಲನ್ನು ಮಾತ್ರ ತೆರೆಯುತ್ತದೆ. ವೇಗ ಚೆನ್ನಾಗಿ ಹೆಚ್ಚುತ್ತದೆ, ಅದಕ್ಕೇ ತುಂಬಾ ಜನ ಒಮ್ಮೆ ಓಡಿಸಿ ಮರೆತಿರುತ್ತಾರೆ.

ಮರೆತರೆ ಪೇಚು. ಆಮೇಲೆ ಹಾಕಿದ ಪ್ಲಗಿನ್ ಪಟ್ಟಿಯಲ್ಲಿ ಇರುವುದಿಲ್ಲವಲ್ಲ, ನೈಫ್ 'ಕೆನಾಟ್ ಫೈಂಡ್ ಸಬ್‌ಕಮಾಂಡ್' ಅನ್ನುತ್ತದೆ. ಪಟ್ಟಿಯಲ್ಲಿರುವ ಫೈಲನ್ನು ನೀವು ಅಳಿಸಿದ್ದರೆ, ಕ್ಯಾಶ್‌ನಲ್ಲಿ (ಅಂದರೆ ಇದೇ ಪಟ್ಟಿಯಲ್ಲಿ) ಹೇಳಿರುವ ಪ್ಲಗಿನ್ ಫೈಲ್‌ಗಳು ಸಿಗುತ್ತಿಲ್ಲ, ರಿಹ್ಯಾಶ್ ಮಾಡಿ ಅನ್ನುತ್ತದೆ. ಎರಡಕ್ಕೂ ಮದ್ದು ಒಂದೇ: ಆ ಜೇಸನ್ ಫೈಲನ್ನು ಬೇರೆ ಹೆಸರಿಗೆ ಬದಲಿಸಿ, ಮತ್ತೆ ರಿಹ್ಯಾಶ್ ಮಾಡಿ. ಅಳಿಸಿದರೂ ನಷ್ಟವಿಲ್ಲ, ಆದರೆ ಹಳೆಯದು ಕೈಯಲ್ಲಿದ್ದರೆ ಹೋಲಿಸಿ ನೋಡಲು ಬರುತ್ತದೆ.

ಈ ಫೈಲಿನಿಂದ ಇನ್ನೊಂದು ಉಪಯೋಗ ಇದೆ, ನನಗೆ ಅದೇ ಹೆಚ್ಚು ಇಷ್ಟ. ಇದನ್ನು ತೆರೆದು ಕೈಕೊಟ್ಟ ಕಮಾಂಡಿನ ಹೆಸರನ್ನು, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಹುಡುಕಿ. ಅದರ ಎದುರಿಗೆ ಫೈಲಿನ ಪೂರ್ತಿ ಪಾತ್ ಇರುತ್ತದೆ. ಆ ಕಮಾಂಡ್ ಯಾವ ಜೆಮ್‌ನ ಯಾವ ಆವೃತ್ತಿಯಿಂದ ಬರುತ್ತಿದೆ ಅನ್ನುವುದು ಊಹೆ ಇಲ್ಲದೆ ಗೊತ್ತಾಗುತ್ತದೆ. ವರ್ಕ್‌ಸ್ಟೇಷನ್ ಒಳಗಿನದು ಅಂದುಕೊಂಡಿದ್ದ ಕಮಾಂಡ್ ಹೋಮ್ ಫೋಲ್ಡರಿನ ಯಾವುದೋ ಹಳೇ ಜೆಮ್‌ನಿಂದ ಬರುತ್ತಿರುವುದು ಇಲ್ಲಿ ಸಿಕ್ಕಿಬೀಳುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಪಟ್ಟಿ ಇದ್ದಾಗ ಕೆಟ್ಟ ಪ್ಲಗಿನ್ ತನ್ನ ಪಾಡಿಗೆ ಮರೆಯಲ್ಲಿ ಉಳಿಯುತ್ತದೆ, ಯಾಕೆಂದರೆ ಅದನ್ನು ಯಾರೂ ಲೋಡ್ ಮಾಡುತ್ತಿಲ್ಲ. ಪಟ್ಟಿ ಅಳಿಸಿದ ಕೂಡಲೇ ನೈಫ್ ಪೂರ್ತಿ ಕೆಟ್ಟರೆ ಗಾಬರಿಯಾಗಬೇಡಿ. ರೋಗ ಮೊದಲೇ ಇತ್ತು, ಈಗ ಕಂಡಿದೆ ಅಷ್ಟೇ.

ಮೂರನೆಯದು: ಎರರ್ ಸಾಲು ಓದುವುದು

ಲೋಡ್ ಆಗುವ ಹೊತ್ತಿಗೇ ಕೆಟ್ಟರೆ ರೂಬಿ ತಾನಾಗಿಯೇ ಉದ್ದದ ಟ್ರೇಸ್ ಕೊಡುತ್ತದೆ, ಅಂದರೆ ಯಾವ ಫೈಲಿನ ಯಾವ ಸಾಲಿನ ಮೂಲಕ ಎರರ್ ಬಂತು ಅನ್ನುವ ಪಟ್ಟಿ. ಕಮಾಂಡ್ ಓಡುವಾಗ ಕೆಟ್ಟರೆ ನೈಫ್ ಅದನ್ನು ಒಂದೇ ಸಾಲಿಗೆ ಇಳಿಸಿ ತೋರಿಸುತ್ತದೆ. ಆಗ ಕಮಾಂಡಿನ ಕೊನೆಗೆ ಹೈಫನ್ ಹಾಕಿ ಎರಡು ದೊಡ್ಡ ವಿ ಸೇರಿಸಿ. ಪೂರ್ತಿ ಟ್ರೇಸ್ ಬರುತ್ತದೆ. ಒಂದು ವಿ ಸಾಲದು.

ಆ ಟ್ರೇಸ್‌ನಲ್ಲಿ ಮೊದಲ ಸಾಲಿನ ಸಂದೇಶಕ್ಕಿಂತ ಕೆಳಗಿನ ಪಾತ್‌ಗಳೇ ಮುಖ್ಯ. ಮೇಲಿನಿಂದ ಇಳಿಯುತ್ತಾ ಬನ್ನಿ. 'ನೈಫ್ ಹೈಫನ್' ಅಂತ ಶುರುವಾಗುವ ಜೆಮ್ ಹೆಸರು ಮೊದಲು ಎಲ್ಲಿ ಕಾಣುತ್ತದೋ ಅದೇ ನಿಮ್ಮ ಮೊದಲ ಅನುಮಾನ. ಸಂದೇಶದಲ್ಲಿ ಆ ಹೆಸರು ಇರಲೇಬೇಕು ಅಂತಿಲ್ಲ.

ಒಂದನ್ನು ಹತ್ತಿರದಿಂದ ನೋಡೋಣ. 'ಕಾಂಟ್ ಆಕ್ಟಿವೇಟ್ ಫಾಗ್ ಹೈಫನ್ ಕೋರ್' ಅಂತ ಶುರುವಾಗಿ, ನಡುವೆ ಒಂದು ಆವೃತ್ತಿ ಷರತ್ತು ಬಂದು, 'ಆಲ್ರೆಡಿ ಆಕ್ಟಿವೇಟೆಡ್' ಅಂತ ಇನ್ನೊಂದು ಆವೃತ್ತಿ ಹೇಳಿ ಮುಗಿಯುವ ಸಾಲು. ಫಾಗ್ ಎನ್ನುವುದು ಹಲವು ಕ್ಲೌಡ್‌ಗಳ ಜೊತೆ ಮಾತಾಡುವ ರೂಬಿ ಲೈಬ್ರರಿ. ಹಳೇ ಕ್ಲೌಡ್ ಪ್ಲಗಿನ್‌ಗಳು ಅದರ ಮೇಲೇ ನಿಂತಿದ್ದವು. ಒಂದು ಪ್ಲಗಿನ್‌ಗೆ ಫಾಗ್ ಕೋರ್‌ನ 1ರ ಸಾಲು ಬೇಕು, ಇನ್ನೊಂದಕ್ಕೆ 2ರ ಸಾಲು ಬೇಕು ಅಂದುಕೊಳ್ಳಿ. ರೂಬಿಯ ಒಂದು ಪ್ರೋಸೆಸ್‌ನಲ್ಲಿ ಒಂದು ಜೆಮ್‌ನ ಒಂದೇ ಆವೃತ್ತಿ ಇರಲು ಸಾಧ್ಯ. ಮೊದಲು ಬಂದವನು ತನಗೆ ಬೇಕಾದ್ದನ್ನು ತೆರೆದುಬಿಟ್ಟಿದ್ದಾನೆ, ಎರಡನೆಯವನಿಗೆ ಜಾಗ ಇಲ್ಲ.

ನಡುವೆ ಬರುವ ಷರತ್ತಿನಲ್ಲಿ ಟಿಲ್ಡೆ ಮತ್ತು ಗ್ರೇಟರ್ ದ್ಯಾನ್ ಗುರುತು ಒಟ್ಟಿಗೆ ಇರುತ್ತವೆ. ಅದರ ಮುಂದೆ 1.40 ಅಂತಿದ್ದರೆ 1.40 ಅಥವಾ ಅದಕ್ಕಿಂತ ಹೊಸದು, ಆದರೆ 2.0ಕ್ಕಿಂತ ಕೆಳಗೆ ಎಂದರ್ಥ. 1.40.2 ಅಂತಿದ್ದರೆ ಇನ್ನೂ ಬಿಗಿ, 1.41 ಕೂಡ ಆಗುವುದಿಲ್ಲ. ಬಿಗಿ ಜಾಸ್ತಿ ಇದ್ದಷ್ಟೂ ಜಗಳ ಜಾಸ್ತಿ.

'ನಾನು ಒಂದೇ ಪ್ಲಗಿನ್ ಹಾಕಿದ್ದು, ಇನ್ನೊಂದು ಎಲ್ಲಿಂದ ಬಂತು?' ಅಂತ ಕೇಳಬಹುದು. ಎರಡನೆಯ ಪ್ಲಗಿನ್ ಇರಲೇಬೇಕಿಲ್ಲ. ವರ್ಕ್‌ಸ್ಟೇಷನ್‌ನ ಬಿನ್ ಫೋಲ್ಡರಿನಲ್ಲಿರುವ ನೈಫ್ ಆ್ಯಪ್‌ಬಂಡ್ಲರ್ ಎಂಬ ಉಪಕರಣ ತಯಾರಿಸಿದ ಸಣ್ಣ ಸ್ಕ್ರಿಪ್ಟ್. ಶೆಫ್ ತಂಡ ಪರೀಕ್ಷೆ ಮಾಡಿದ ಆವೃತ್ತಿಗಳನ್ನೇ ಅದು ಶುರುವಿನಲ್ಲಿ ಒಂದೊಂದಾಗಿ ಗಟ್ಟಿ ಮಾಡಿಬಿಡುತ್ತದೆ. ನೀವು ಆಮೇಲೆ ತಂದ ಪ್ಲಗಿನ್‌ಗೆ ಅದರಲ್ಲಿ ಯಾವುದಾದರೂ ಒಂದರ ಬೇರೆ ಆವೃತ್ತಿ ಬೇಕಿದ್ದರೆ ಇದೇ ಎರರ್. ಇನ್‌ಸ್ಟಾಲ್ ಆಗುವಾಗ ಏನೂ ದೂರು ಬರುವುದಿಲ್ಲ, ಯಾಕೆಂದರೆ ಎರಡು ಆವೃತ್ತಿಗಳು ಡಿಸ್ಕ್‌ನಲ್ಲಿ ಅಕ್ಕಪಕ್ಕ ಕೂರಬಹುದು. ಜಗಳ ಓಡುವಾಗ.

ಯಾರು ಯಾವುದನ್ನು ಬೇಡುತ್ತಿದ್ದಾರೆ ಅಂತ ನೋಡಲು 'ಶೆಫ್ ಜೆಮ್ ಡಿಪೆಂಡೆನ್ಸಿ' ಎಂದು ಹೊಡೆದು ಜೆಮ್ ಹೆಸರು ಕೊಡಿ, ಕೊನೆಗೆ ಎರಡು ಹೈಫನ್ ಹಾಕಿ 'ರಿವರ್ಸ್ ಡಿಪೆಂಡೆನ್ಸೀಸ್' ಸೇರಿಸಿ, ಆ ಎರಡು ಪದಗಳ ನಡುವೆಯೂ ಒಂದು ಹೈಫನ್. ಆ ಜೆಮ್ ಅನ್ನು ಬಳಸುವ ಎಲ್ಲರ ಹೆಸರೂ ಷರತ್ತಿನ ಸಮೇತ ಬರುತ್ತದೆ.

ಇನ್ನು ಉಳಿದ ಎರರ್‌ಗಳು. 'ಸೂಪರ್‌ಕ್ಲಾಸ್ ಮಿಸ್‌ಮ್ಯಾಚ್' ಅಂದರೆ ಒಂದೇ ಹೆಸರಿನ ಕ್ಲಾಸನ್ನು ಎರಡು ಕಡೆ ಬೇರೆ ಬೇರೆ ತಾಯಿ ಕ್ಲಾಸ್ ಇಟ್ಟು ಬರೆದಿದ್ದಾರೆ. ಎರಡು ಪ್ಲಗಿನ್ ಒಂದೇ ಹೆಸರಿಗೆ ಕೈ ಹಾಕಿವೆ. ತಾಯಿ ಕ್ಲಾಸ್ ಒಂದೇ ಆಗಿದ್ದರೆ ಇನ್ನೂ ಕಷ್ಟ, ಎರರೇ ಬರುವುದಿಲ್ಲ. ರೂಬಿ ಆ ಕ್ಲಾಸನ್ನು ಮತ್ತೆ ತೆರೆದು ಹೊಸ ಕೋಡನ್ನು ಹಳೆಯದರ ಮೇಲೆ ಹಾಕುತ್ತದೆ. ಕಮಾಂಡ್ ಓಡುತ್ತದೆ, ಆದರೆ ಆಯ್ಕೆಗಳು ಅದಲುಬದಲಾಗಿರುತ್ತವೆ. ಹೋಮ್ ಫೋಲ್ಡರಿನ ಪ್ಲಗಿನ್‌ಗಳು ಕೊನೆಗೆ ಲೋಡ್ ಆಗುವುದರಿಂದ ಇಂಥ ಕಡೆ ಗೆಲ್ಲುವುದು ಅವೇ. 'ಅನ್‌ಇನಿಶಿಯಲೈಸ್ಡ್ ಕಾನ್‌ಸ್ಟೆಂಟ್' ಅಥವಾ 'ಅನ್‌ಡಿಫೈನ್ಡ್ ಮೆಥಡ್' ಬಂದರೆ ಪ್ಲಗಿನ್ ಹಳೆಯದು, ನೈಫ್ ಹೊಸದು ಅಂತ ಅನುಮಾನಿಸಿ.

ಈ ಕೊನೆಯದಕ್ಕೆ ಒಳ್ಳೇ ಉದಾಹರಣೆ 2019ರಲ್ಲಿ ಬಂದ ಶೆಫ್ 15. ಅದರಲ್ಲಿ 'ನೈಫ್ ಬೂಟ್‌ಸ್ಟ್ರ್ಯಾಪ್' (ಹೊಸ ಮೆಷಿನ್‌ಗೆ ಶೆಫ್ ಹಾಕಿ ನೋಡ್ ಆಗಿ ಸೇರಿಸುವ ಕಮಾಂಡ್) ಅನ್ನು ಬುಡದಿಂದ ಬದಲಿಸಿ ಬರೆದರು. ಅದುವರೆಗೆ ವಿಂಡೋಸ್ ಮೆಷಿನ್‌ಗೆ ನೈಫ್ ವಿಂಡೋಸ್ ಪ್ಲಗಿನ್‌ನ ಬೇರೆಯೇ ಬೂಟ್‌ಸ್ಟ್ರ್ಯಾಪ್ ಕಮಾಂಡ್ ಬೇಕಿತ್ತು. 15ರಿಂದ ಮೂಲ ಕಮಾಂಡೇ ವಿನ್‌ಆರ್‌ಎಂ (ವಿಂಡೋಸ್ ಮೆಷಿನ್‌ಗೆ ದೂರದಿಂದ ಸಂಪರ್ಕಿಸುವ ವಿಧಾನ) ಮೂಲಕ ಆ ಕೆಲಸ ಮಾಡುತ್ತದೆ. ಒಳ್ಳೆಯದೇ. ಆದರೆ ಕ್ಲೌಡ್ ಪ್ಲಗಿನ್‌ಗಳು ಮೆಷಿನ್ ಎಬ್ಬಿಸಿದ ಮೇಲೆ ಈ ಬೂಟ್‌ಸ್ಟ್ರ್ಯಾಪ್ ಕ್ಲಾಸಿನ ಒಳಗಿನ ಭಾಗಗಳನ್ನೇ ಬಳಸುತ್ತಿದ್ದವು. ಒಳಗು ಬದಲಾದ ಮೇಲೆ ಅವೂ ಹೊಸ ಆವೃತ್ತಿ ತರಬೇಕಾಯಿತು. ಹಳೇ ಪ್ಲಗಿನ್ ಇಟ್ಟುಕೊಂಡು ಶೆಫ್ ಮಾತ್ರ ಮೇಲಕ್ಕೆ ಏರಿಸಿದವರಿಗೆ ಪೆಟ್ಟು ಬಿತ್ತು. 2021ರ ಶೆಫ್ 17ರಲ್ಲಿ ನೈಫ್ ಅನ್ನೇ ಶೆಫ್ ಜೆಮ್‌ನಿಂದ ಹೊರಗೆ ತೆಗೆದು ಬೇರೆ ಜೆಮ್ ಮಾಡಿದರು. ಹಾಗಾಗಿ ಶೆಫ್ ಮಾತ್ರ ಇದ್ದರೆ ನೈಫ್ ಇದ್ದೇ ಇರುತ್ತದೆ ಅನ್ನುವ ಹಳೇ ಲೆಕ್ಕ ಈಗ ನಡೆಯುವುದಿಲ್ಲ.

ನಾಲ್ಕನೆಯದು: ತಪ್ಪು ಯಾರದು ಅಂತ ಹಿಡಿಯುವುದು

ಟ್ರೇಸ್ ನೋಡಿಯೂ ಗೊತ್ತಾಗದಿದ್ದರೆ ಒಂದೊಂದಾಗಿ ಹೊರಗಿಟ್ಟು ನೋಡುವುದೇ ದಾರಿ. ಮೊದಲು 'ಶೆಫ್ ಜೆಮ್ ಲಿಸ್ಟ್ ನೈಫ್' ಓಡಿಸಿ ಬಂದದ್ದನ್ನು ಒಂದು ಫೈಲಿಗೆ ಹಾಕಿಟ್ಟುಕೊಳ್ಳಿ. ನಡುವೆ ತಲೆ ಕೆಟ್ಟು ಎಲ್ಲ ಕಿತ್ತರೆ ವಾಪಸ್ ಬರಲು ಇದೇ ಗತಿ.

ಹೋಮ್ ಮತ್ತು ರೆಪೊದ ಪ್ಲಗಿನ್ ಫೋಲ್ಡರ್‌ಗಳಿಂದ ಶುರು ಮಾಡಿ. ಅವುಗಳ ಹೆಸರು ಬದಲಿಸಿದರೆ ಸಾಕು. ಮ್ಯಾನಿಫೆಸ್ಟ್ ಫೈಲನ್ನೂ ಪಕ್ಕಕ್ಕಿಟ್ಟು ನೈಫ್ ಓಡಿಸಿ. ಸರಿಹೋದರೆ ಕಳ್ಳ ಅಲ್ಲೇ ಇದ್ದಾನೆ, ಫೈಲ್‌ಗಳನ್ನು ಅರ್ಧರ್ಧ ವಾಪಸ್ ಇಡುತ್ತಾ ಹಿಡಿಯಿರಿ. ಅನುಭವದಲ್ಲಿ ಹೇಳುವುದಾದರೆ ಕೆಲಸ ಬಿಟ್ಟು ಹೋದವರು ಬರೆದಿಟ್ಟ ಸ್ಕ್ರಿಪ್ಟ್‌ಗಳು ಇಲ್ಲೇ ಅಡಗಿರುತ್ತವೆ.

ಸರಿಹೋಗದಿದ್ದರೆ ಜೆಮ್ ಹೋಮ್ ಕಡೆ ಹೋಗಿ. ಆ ಫೋಲ್ಡರನ್ನೇ ಪೂರ್ತಿ ಬೇರೆ ಹೆಸರಿಗೆ ಸರಿಸಿ ನೋಡಿ. ಈಗ ಉಳಿದಿರುವುದು ವರ್ಕ್‌ಸ್ಟೇಷನ್ ಜೊತೆ ಬಂದದ್ದು ಮಾತ್ರ. ಅದು ಸರಿಯಾಗಿ ಓಡಿದರೆ ನೀವು ಹಾಕಿದ ಜೆಮ್‌ಗಳದೇ ತಪ್ಪು. ಫೋಲ್ಡರ್ ವಾಪಸ್ ತಂದು 'ಶೆಫ್ ಜೆಮ್ ಅನ್‌ಇನ್‌ಸ್ಟಾಲ್' ಮೂಲಕ ಒಂದೊಂದೇ ತೆಗೆಯಿರಿ, ತೀರಾ ಇತ್ತೀಚೆಗೆ ಹಾಕಿದ್ದು ಮೊದಲು. ಜೆಮ್ ಹೋಮ್ ಸರಿಸಿದ ಮೇಲೂ ನೈಫ್ ಓಡದಿದ್ದರೆ ಮಾತ್ರ ವರ್ಕ್‌ಸ್ಟೇಷನ್ ಮತ್ತೆ ಹಾಕುವ ಯೋಚನೆ ಮಾಡಿ.

ಈ ಹೊತ್ತಿಗೆ ಬಹಳ ಜನರಿಗೆ ಕಾಣುವ ಒಂದು ವಿಷಯ: ತಾವು ಕಷ್ಟಪಟ್ಟು ಹಾಕಿದ ಪ್ಲಗಿನ್ ಬೇಕೇ ಇರಲಿಲ್ಲ. ಈಸಿ2, ಅಝೂರ್, ಗೂಗಲ್, ವಿಸ್ಫಿಯರ್, ವಿಂಡೋಸ್ ಪ್ಲಗಿನ್‌ಗಳು ವರ್ಕ್‌ಸ್ಟೇಷನ್‌ನ ಅನೇಕ ಆವೃತ್ತಿಗಳ ಜೊತೆಗೇ ಬಂದಿವೆ. ಇನ್ನು ಕೆಲವು ಪ್ಲಗಿನ್‌ಗಳ ಕಮಾಂಡ್‌ಗಳು ನೈಫ್ ಒಳಗೇ ಸೇರಿಹೋಗಿವೆ. ನೈಫ್ ಎಸೆನ್ಷಿಯಲ್ಸ್ ಜೆಮ್‌ನಲ್ಲಿದ್ದ ಡಿಫ್, ಅಪ್‌ಲೋಡ್, ಡೌನ್‌ಲೋಡ್ ಶೆಫ್ 11ರಲ್ಲೇ ಮೂಲಕ್ಕೆ ಬಂದವು. ನೈಫ್ ಎಸಿಎಲ್‌ನ ಕಮಾಂಡ್‌ಗಳೂ ಆಮೇಲೆ ಅದೇ ದಾರಿ ಹಿಡಿದವು. ಹಳೇ ಟಿಪ್ಪಣಿ ನೋಡಿಕೊಂಡು ಇವನ್ನು ಬೇರೆಯಾಗಿ ಹಾಕಿದರೆ ಒಂದೇ ಕ್ಲಾಸಿಗೆ ಇಬ್ಬರು ಯಜಮಾನರು.

ಐದನೆಯದು: ಸರಿಪಡಿಸಿ, ಹಾಗೇ ಉಳಿಸಿಕೊಳ್ಳುವುದು

ಪ್ಲಗಿನ್‌ನ ಹೊಸ ಆವೃತ್ತಿ ಇದ್ದರೆ ಅದನ್ನೇ ಹಾಕಿ, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ. ಹೊಸದು ಬಂದೇ ಇಲ್ಲ, ಯಾರೂ ನೋಡಿಕೊಳ್ಳುತ್ತಿಲ್ಲ ಅಂದರೆ ಅದಕ್ಕಾಗಿ ಇಡೀ ಶೆಫ್ ಅನ್ನು ಹಳೇ ಆವೃತ್ತಿಗೆ ಇಳಿಸಬೇಡಿ. ಮೆಷಿನ್ ಎಬ್ಬಿಸುವ ಕೆಲಸವನ್ನು ಆ ಕ್ಲೌಡ್‌ನ ಸ್ವಂತ ಕಮಾಂಡ್‌ಗೋ ಮೆಷಿನ್ ಎಬ್ಬಿಸುವುದಕ್ಕೇ ಇರುವ ಟೆರಾಫಾರ್ಮ್‌ನಂಥ ಉಪಕರಣಕ್ಕೋ ಬಿಟ್ಟುಕೊಡಿ, ಆಮೇಲೆ ಸಾದಾ ನೈಫ್ ಬೂಟ್‌ಸ್ಟ್ರ್ಯಾಪ್ ಹಾಕಿ. ನನ್ನ ಕೇಳಿದರೆ ಹೊಸದಾಗಿ ಶುರು ಮಾಡುವವರಿಗೂ ಇದೇ ವಾಸಿ.

ಎರಡು ಪ್ಲಗಿನ್ ಬೇಕೇ ಬೇಕು, ಅವೆರಡಕ್ಕೂ ಆಗಿಬರುವುದಿಲ್ಲ ಅಂತಾದರೆ ಬಂಡ್ಲರ್ ಹಿಡಿಯಿರಿ. ಪ್ರಾಜೆಕ್ಟಿಗೆ ಬೇಕಾದ ಜೆಮ್‌ಗಳ ಪಟ್ಟಿಯನ್ನು 'ಜೆಮ್‌ಫೈಲ್' ಎಂಬ ಫೈಲಿನಿಂದ ಓದಿ, ಒಂದಕ್ಕೊಂದು ಹೊಂದುವ ಆವೃತ್ತಿಗಳನ್ನು ಆರಿಸುವ ರೂಬಿ ಉಪಕರಣ ಅದು. ಇದಕ್ಕೆ ವರ್ಕ್‌ಸ್ಟೇಷನ್‌ನ ರೂಬಿ ಬೇಡ, ಆರ್‌ಬಿಎನ್ವ್‌ನಂಥದ್ದರಲ್ಲಿ ಬೇರೆ ರೂಬಿ ಇಟ್ಟುಕೊಳ್ಳಿ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಜೆಮ್‌ಫೈಲ್ ಬರೆದು, ಅದರಲ್ಲಿ ಶೆಫ್, ನೈಫ್ ಮತ್ತು ಆ ಪ್ರಾಜೆಕ್ಟಿಗೆ ಬೇಕಾದ ಒಂದೇ ಪ್ಲಗಿನ್ ಹೆಸರಿಸಿ. 'ಬಂಡಲ್ ಇನ್‌ಸ್ಟಾಲ್' ಆದ ಮೇಲೆ 'ಬಂಡಲ್ ಎಕ್ಸೆಕ್ ನೈಫ್' ಅಂತಲೇ ಓಡಿಸಿ. ಆಗ ಜೆಮ್‌ಗಳಲ್ಲಿ ಜೆಮ್‌ಫೈಲ್‌ನಲ್ಲಿ ಇರುವುದು ಮಾತ್ರ ನೈಫ್‌ಗೆ ಕಾಣುತ್ತದೆ. ಇಬ್ಬರಿಗೆ ಬೇರೆ ಬೇರೆ ಆವೃತ್ತಿ ಬೇಕಿದ್ದರೆ ಬಂಡ್ಲರ್ ಇನ್‌ಸ್ಟಾಲ್ ಮಾಡುವಾಗಲೇ ಆಗಲ್ಲ ಅನ್ನುತ್ತದೆ, ರಾತ್ರಿ ಕೆಲಸದ ನಡುವೆ ಅಲ್ಲ. ಹುಟ್ಟುವ ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿದರೆ ತಂಡದ ಎಲ್ಲರಲ್ಲೂ ಒಂದೇ ಆವೃತ್ತಿ ಇರುತ್ತದೆ. ಆದರೆ ಹೋಮ್ ಫೋಲ್ಡರಿನ ಪ್ಲಗಿನ್‌ಗಳೂ ಮ್ಯಾನಿಫೆಸ್ಟ್ ಫೈಲೂ ಬಂಡ್ಲರ್ ಮಾತು ಕೇಳುವುದಿಲ್ಲ. ಈ ದಾರಿ ಹಿಡಿಯುವುದಾದರೆ ಎರಡನ್ನೂ ಅಲ್ಲಿಂದ ತೆಗೆದಿಡಿ.

ಎರಡು ಕೆಲಸ ಮಾತ್ರ ಮಾಡಬೇಡಿ. ವರ್ಕ್‌ಸ್ಟೇಷನ್‌ನ 'ಎಂಬೆಡೆಡ್' ಫೋಲ್ಡರಿನ ಒಳಗೆ ಹೋಗಿ ಫೈಲ್ ತಿದ್ದುವುದು ಒಂದು. ಮುಂದಿನ ಅಪ್‌ಗ್ರೇಡ್‌ನಲ್ಲಿ ತಿದ್ದಿದ್ದು ಹೋಗುತ್ತದೆ, ಯಾಕೆ ತಿದ್ದಿದ್ದು ಅನ್ನುವುದು ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು, ಸುಡೋ ಹಾಕಿ ಶೆಫ್ ಜೆಮ್ ಇನ್‌ಸ್ಟಾಲ್ ಮಾಡುವುದು. ಜೆಮ್ ರೂಟ್ ಯೂಸರ್‌ನ ಹೋಮ್‌ಗೆ ಹೋಗಿ ಕೂತು ನಿಮಗೆ ಕಾಣದೇ ಹೋಗಬಹುದು, ಇಲ್ಲವೇ ನಿಮ್ಮ ಫೋಲ್ಡರಿನಲ್ಲೇ ರೂಟ್ ಹೆಸರಿನ ಫೈಲ್‌ಗಳು ಬಿದ್ದು ಆಮೇಲೆ ತೆಗೆಯಲೂ ಬಾರದಂತಾಗಬಹುದು.

ಸ್ವಂತ ಪ್ಲಗಿನ್ ಬರೆಯುವವರಿದ್ದರೆ, ಕ್ಲಾಸಿನ ಹೆಸರಿನ ಮುಂದೆ ನಿಮ್ಮ ತಂಡದ ಹೆಸರು ಸೇರಿಸಿ. ಬರೀ 'ಸರ್ವರ್‌ಲಿಸ್ಟ್' ಅಂತ ಇಟ್ಟರೆ ಎಂದಾದರೂ ಒಂದು ದಿನ ಇನ್ಯಾರೋ ಅದೇ ಹೆಸರು ಇಡುತ್ತಾರೆ. ರಿಕ್ವೈರ್ ಸಾಲುಗಳೆಲ್ಲ ಡೆಪ್ಸ್ ಬ್ಲಾಕಿನ ಒಳಗೇ ಇರಲಿ. ಜೆಮ್‌ಸ್ಪೆಕ್‌ನಲ್ಲಿ (ಜೆಮ್‌ಗೆ ಏನೇನು ಬೇಕು ಅಂತ ಬರೆಯುವ ಫೈಲಿನಲ್ಲಿ) ಆವೃತ್ತಿ ಷರತ್ತು ನಿಜಕ್ಕೂ ಬೇಕಾದಷ್ಟೇ ಬಿಗಿ ಇರಲಿ. ಹಂಚುವ ಮೊದಲು ಮ್ಯಾನಿಫೆಸ್ಟ್ ಫೈಲ್ ಇಲ್ಲದ ಮೆಷಿನ್‌ನಲ್ಲಿ ನಿಮ್ಮ ಪ್ಲಗಿನ್ ಹಾಕಿ, ನಿಮ್ಮದಲ್ಲದ ಒಂದು ಕಮಾಂಡ್ ಓಡಿಸಿ ನೋಡಿ. 'ನೈಫ್ ನೋಡ್ ಲಿಸ್ಟ್' ಆದರೂ ಸರಿ.